ನೀಲಿ ಆಡಿದ ಮಾತು

ನೂಲಿಗೆ ಬಣ್ಣ ಹಾಕುವ ಮೇಸ್ತ್ರಿಯ ಮಗಳಿಗೆ ನೀಲಿ ಎಂಬ ಹೆಸರು ಬಂದದ್ದು ಅವಳ ಕೈಗಳಿಂದ. ಲಂಗದ ವಯಸ್ಸು ದಾಟುವ ಮೊದಲೇ ಅಪ್ಪನ ಹಂಡೆಗಳ ಮುಂದೆ ನಿಂತವಳು. ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿದೇ ಉಳಿಯುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ಕರೆದದ್ದು ಬೀದಿಗೆ ಬಂತು, ಬೀದಿಯಿಂದ ಮನೆಯೊಳಕ್ಕೂ ಬಂತು. ತಾಯಿ ಇಟ್ಟ ಹೆಸರು ಹಿಡಿದು ಕರೆಯಲು ತಾಯಿಯೇ ಇರಲಿಲ್ಲ. ಮನೆಯಲ್ಲಿದ್ದವರು ಅಪ್ಪ, ಅಪ್ಪನ ಅಕ್ಕ, ಇವಳು, ಅಷ್ಟೇ.

ಕೆಳಗಿನ ಉದ್ದನೆಯ ಕೋಣೆಯೇ ಬಣ್ಣದ ಅಂಗಡಿ. ಸಾಲಾಗಿ ತಾಮ್ರದ ಹಂಡೆಗಳು, ಯಾವಾಗಲೂ ಒದ್ದೆಯಾಗಿರುವ ಕಲ್ಲಿನ ನೆಲ, ಗೋಡೆಗೆ ಒರಗಿಸಿದ ತಿರುವುಗೋಲುಗಳು. ಹುಳಿಯೂ ಕಬ್ಬಿಣವೂ ಕಲೆತಂಥ ಒಂದು ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯುತ್ತಿತ್ತು. ಮೇಲೆ ಎರಡು ಕೋಣೆ, ಅದರ ಮೇಲೆ ನೂಲು ಒಣಹಾಕುವ ತಾರಸಿ. ಮೇಸ್ತ್ರಿ ಬೆಳಗಿನ ಬೆಳಕಿನಲ್ಲಿ ಹೊಸಿಲ ಮೇಲೆ ನಿಂತು ನೂಲಿನ ಎಳೆಗಳನ್ನು ಹೋಲಿಸಿ ನೋಡುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಎರಡು ಕಪ್ಪುಗಳನ್ನು ಎದುರಿಗೆ ಹಿಡಿದರೆ ಒಂದು ಕೆಂಪಿನ ಕಡೆಯದು, ಇನ್ನೊಂದು ಹಸಿರಿನ ಕಡೆಯದು ಎಂದು ಹೇಳುವ ಕಣ್ಣು ಆತನದು. ಆ ಕಣ್ಣೇ ಮನೆಯ ಅನ್ನ.

ಸಂತೆಯ ದಿನ ಹೊಳೆಯಾಚೆಯವರು ಸೇತುವೆ ದಾಟಿ ಬರುತ್ತಿದ್ದರು. ಪುಸ್ತಕ ಓದಿದವರು ಅವರನ್ನು ಕಿನ್ನರರು ಎನ್ನುತ್ತಿದ್ದರು. ಬೀದಿಯವರಿಗೆ ಅವರು ಬರೀ ಆಚೆಯವರು. ಕಣ್ಣು ಕೀಳಲಾಗದಷ್ಟು ಚೆಂದ, ಮುಪ್ಪೂ ಇಲ್ಲ. ಅದಕ್ಕೇ ಎಲ್ಲರೂ ಅವರ ಬೂಟುಗಳನ್ನು ನೋಡಿಕೊಂಡೇ ವ್ಯವಹಾರ ಮಾಡುತ್ತಿದ್ದರು. ಆ ಬೂಟುಗಳಿಗೆ ಕೆಸರು ಅಂಟುತ್ತಿರಲಿಲ್ಲ. ಅವರು ಸುಳ್ಳಾಡುತ್ತಿರಲಿಲ್ಲ, ಕದಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಅವರ ಅಪಾಯವೇ ಬೇರೆ. ಅವರ ಎದುರಿಗೆ ಆಡಿದ ಮಾತು ಆಡಿದ ಹಾಗೇ ಆಗಿಬಿಡುತ್ತಿತ್ತು. ಕ್ಷೌರದಂಗಡಿಯವನು ಒಬ್ಬ ಗಿರಾಕಿಗೆ ಉಪಚಾರಕ್ಕೆಂದು, "ಕೂತ್ಕೊಳ್ಳಿ, ಈ ಅಂಗಡಿ ನಿಮ್ಮದೇ ಅಂದ್ಕೊಳ್ಳಿ" ಎಂದ. ಮರುದಿನ ಬೀಗದ ಕೈ ಅವನ ಬೀಗಕ್ಕೇ ಹೊಂದಲಿಲ್ಲ. ಹಾಲಿನವಳ ಕೂಸನ್ನು ಆಚೆಯ ಹೆಂಗಸೊಬ್ಬಳು ಬಾಯ್ತುಂಬ ಹೊಗಳಿದಳು. ರಾತ್ರಿಯೆಲ್ಲ ಅತ್ತು ಗೋಳುಹೊಯ್ದುಕೊಂಡಿದ್ದ ಮಗು ಅದು. ಎಲ್ಲ ತಾಯಂದಿರೂ ಹೇಳುವಂತೆ ಹಾಲಿನವಳೂ, "ಅಷ್ಟು ಮುದ್ದು ಬಂದ್ರೆ ನೀವೇ ಎತ್ಕೊಂಡ್ಹೋಗಿ" ಎಂದು ನಕ್ಕಳು. ನಗು ಮುಗಿಯುವುದರೊಳಗೆ ತೊಟ್ಟಿಲು ಖಾಲಿ.

ಹಾಗಾಗಿ ಸಂತೆಯ ದಿನ ಬೀದಿಯಲ್ಲಿ ಮಾತು ಅಳೆದು ತೂಗಿ ಹೊರಬರುತ್ತಿತ್ತು. ಅತ್ತೆಯಂತೂ ಬಾಯಿಗೆ ಸೆರಗು ಒತ್ತಿಕೊಂಡೇ ಕೂರುತ್ತಿದ್ದಳು. ಅವಳ ನಾಲಿಗೆಯನ್ನು ಬಲ್ಲವರಿಗೆಲ್ಲ ಅದು ವಾರದ ವಿಶ್ರಾಂತಿ.

ಅವನು ಮೊದಲು ಬಂದಾಗ ನೀಲಿಗೆ ಹದಿನೆಂಟು ತುಂಬಿತ್ತು. ನೋಡಲು ಅವನಿಗೂ ಅಷ್ಟೇ ವಯಸ್ಸು. ಕೈಯಲ್ಲೊಂದು ಕೋಟು. ನೋಡುತ್ತಿದ್ದಂತೆ ಅದರ ಬಣ್ಣ ಬೂದಿಯಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ ಹೊರಳುತ್ತಿತ್ತು. ಅಪ್ಪ ಊಟಕ್ಕೆ ಮೇಲೆ ಹೋಗಿದ್ದ.

"ಒಂದು ನಿಮಿಷ ಇರಿ" ಎಂದು ಹೇಳಿ ಅವಳು ಹಂಡೆಯಿಂದ ನೂಲು ಎತ್ತಿದಳು. ತಿರುಗಿ ನೋಡಿದರೆ ಅವನು ಬೀದಿಯ ಆ ತುದಿಗೆ ನಡೆದುಬಿಟ್ಟಿದ್ದ. ಓಡಿಹೋಗಿ ಕರೆದಳು.

"ಒಂದು ನಿಮಿಷ ಅಂದ್ರಿ. ಇದ್ದೆ" ಎಂದ.

"ಅಯ್ಯೋ, ನಿಮಿಷ ಅಂದ್ರೆ ನಿಮಿಷಾನೇ ಆಗಬೇಕಾ? ಸುಮ್ನೆ ತಲೆ ತಿನ್ಬೇಡಿ, ಒಳಗೆ ಬನ್ನಿ."

ಅವನ ಮುಖ ಬಿಳಿಚಿಕೊಂಡಿತು. "ನಾನು ಇದುವರೆಗೂ ಯಾರ ತಲೆಯನ್ನೂ ತಿಂದಿಲ್ಲ" ಎಂದು ಗಂಭೀರವಾಗಿ ಹೇಳಿ, ಸ್ವಲ್ಪ ತಡೆದು ಸೇರಿಸಿದ, "ನಮ್ಮ ಚಿಕ್ಕಪ್ಪ ಒಬ್ಬರು ತಿಂದಿದ್ದಾರೆ."

ನೀಲಿಗೆ ಭಯವಾಗಬೇಕಿತ್ತು. ನಗು ಬಂತು. ಬೂಟು ನೋಡಬೇಕಾದ ಕಣ್ಣು ಮುಖ ನೋಡಿತು, ಅಲ್ಲೇ ನಿಂತಿತು. ಅಂದಿನಿಂದ ಅವನಿಗೆ ನಿಮಿಷ ಎಂದೇ ಹೆಸರಾಯಿತು.

ಬಣ್ಣ ಬದಲಾಯಿಸದ ಕೋಟು ಅವನಿಗೆ ಬೇಕಿತ್ತು. ಆಚೆಯವರಲ್ಲಿ ಯಾವುದೂ ಹಿಂದಿನ ದಿನದ ಹಾಗೆ ಇರುತ್ತಿರಲಿಲ್ಲವಂತೆ, ಕಿಟಕಿಯ ಆಚೆಗಿನ ಮರವೂ ಕೂಡ. ನೀಲಿ ಅದನ್ನು ಪಟಿಕದ ನೀರಲ್ಲಿ ಅದ್ದಿ, ನೀಲಿ ಬಣ್ಣದಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿದಳು. ಒಂದೇ ಸಲಕ್ಕೆ ಹಿಡಿಯಲಿಲ್ಲ. ಹಿಡಿಯದೇ ಇದ್ದದ್ದು ಇಬ್ಬರಿಗೂ ಅನುಕೂಲವೇ ಆಯಿತು. ಪ್ರತಿ ಸಂತೆಗೂ ಅವನು ಬಂದ. ಆಮೇಲೆ ಸಂತೆಯಿಲ್ಲದ ದಿನಗಳಲ್ಲೂ ಬಂದ. ಅಪ್ಪ ಹೊಸಿಲಲ್ಲಿ ನೂಲು ನೋಡುತ್ತಿರುವಾಗ ಹಿಂದಿನ ಮೆಟ್ಟಿಲಿನಿಂದ ತಾರಸಿಗೆ ಹತ್ತಿಬಿಡುತ್ತಿದ್ದ. ಒಣಗಲು ತೂಗುಹಾಕಿದ ನೂಲಿನ ಲಡಿಗಳ ನಡುವೆ ನೀಲಿ ಅವನಿಗೆ ಮಾತು ಕಲಿಸುತ್ತಿದ್ದಳು.

"ಪ್ರಾಣ ಹೋಗ್ತಿದೆ ಅಂದ್ರೆ ಸುಸ್ತಾಗಿದೆ ಅಂತ ಅರ್ಥ. ಹೊಟ್ಟೆ ಉರೀತಿದೆ ಅಂದ್ರೆ ಬೆಂಕಿ ಬಿದ್ದಿದೆ ಅಂತಲ್ಲ, ಅಸೂಯೆ."

"ಮತ್ತೆ ಬೆಂಕಿ ಬಿದ್ರೆ ಏನಂತೀರಿ?"

"ಅಯ್ಯಯ್ಯೋ ಅಂತೀವಿ."

ಅವನು ಹುಬ್ಬು ಗಂಟಿಕ್ಕಿಕೊಂಡು ಅದನ್ನೆಲ್ಲ ಬಾಯಿಪಾಠ ಮಾಡುತ್ತಿದ್ದ. ಅರ್ಥ ತಿಳಿದರೂ ಮಾತಿನ ಹಿಡಿತ ಅವನ ಕೈಯಲ್ಲಿರಲಿಲ್ಲ. "ನಾವು ಮಾಡೋದಲ್ಲ ಅದು. ನಿಮ್ಮ ಬಾಯಿಂದ ಬಂದ ಕೂಡ್ಲೇ ಆಗಿಹೋಗಿರುತ್ತೆ" ಎನ್ನುತ್ತಿದ್ದ. ಒಮ್ಮೆ ಅವಳು ಒದ್ದೆ ಕೈಯಿಂದ ಅವನ ಮಣಿಕಟ್ಟು ಹಿಡಿದಳು. ಕೆಸರೂ ಅಂಟದ ಆ ಮೈಗೆ ಅವಳ ಬೆರಳುಗಳ ನೀಲಿ ಅಂಟಿಕೊಂಡಿತು. ತೊಳೆದರೂ ಹೋಗಲಿಲ್ಲ. ಅವನು ಹೊಸ ಗಡಿಯಾರ ಕಟ್ಟಿಕೊಂಡ ಹುಡುಗನ ಹಾಗೆ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ನಾನು ನಿನ್ನವಳು ಅಂತ ಹೇಳು" ಎಂದು ಅವನು ಕೇಳಿದ್ದು ಆ ದಿನವೇ.

"ಹೇಳಲ್ಲ. ಹೇಳಿದ್ರೆ ಆಗಿಬಿಡುತ್ತೆ. ಆಮೇಲೆ ಅಪ್ಪನ್ನ ಯಾರು ನೋಡ್ಕೋತಾರೆ?"

"ಯಾವತ್ತೂ ಹೇಳಲ್ವಾ?"

"ಒಂದಿನ ಹೇಳ್ತೀನಿ. ಅವಸರ ಮಾಡ್ಬೇಡ."

ಅವಳು ಅವನೆದುರು ಎಷ್ಟು ಎಚ್ಚರದಿಂದ ಮಾತಾಡುತ್ತಿದ್ದಳೆಂದರೆ, ಆ ದಿನಗಳಲ್ಲಿ ಅವಳ ಬಾಯಿಂದ ಒಂದು ಪದವೂ ಜಾರಿದ್ದಿಲ್ಲ. ಮುಂದೆ ಅವಳನ್ನು ಹೆಚ್ಚು ಸುಟ್ಟದ್ದು ಇದೇ.

ಅತ್ತೆಯ ಕಣ್ಣು ತಪ್ಪಿಸುವುದು ಯಾರಿಂದ ಸಾಧ್ಯ? ಒಂದು ಮಧ್ಯಾಹ್ನ ಅವಳು ತಾರಸಿಗೆ ಬಂದು ನೋಡಿದವಳು ನೇರ ಕೆಳಗಿಳಿದು ತಮ್ಮನ ಕಿವಿಗೆ ಹಾಕಿದಳು. ಮೇಸ್ತ್ರಿ ಸಿಡುಕಿನ ಮನುಷ್ಯನಲ್ಲ. ನಿಮಿಷ ಹಿಂದಿನ ಮೆಟ್ಟಿಲಿಳಿದು ಬರುವುದನ್ನೇ ಕಾದಿದ್ದು, ತಿರುವುಗೋಲನ್ನು ಅಡ್ಡ ಹಿಡಿದು ನಿಂತ.

"ನೋಡಪ್ಪ, ನನಗಿರೋದು ಒಬ್ಬಳೇ ಮಗಳು. ಅವಳಿಗೇನಾದ್ರೂ ಆದ್ರೆ ನಾನು ಸುಮ್ನಿರಲ್ಲ. ಇವತ್ತಿಂದ ನನ್ನ ಕಣ್ಣು ನಿನ್ನ ಮೇಲೇ ಇರುತ್ತೆ, ತಿಳ್ಕೋ."

ಕೋಲು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಸದ್ದಿಗೆ ನೀಲಿ ಕೆಳಗೋಡಿ ಬಂದಾಗ ಅಪ್ಪ ಎರಡೂ ಕೈ ಮುಂದೆ ಚಾಚಿ ಗಾಳಿಯನ್ನು ತಡವುತ್ತಿದ್ದ. ಕುದಿಯುವ ಹಂಡೆ ಒಂದು ಮಾರು ದೂರದಲ್ಲಿತ್ತು. "ಎಲ್ಲಾ ಕತ್ತಲೆ" ಎನ್ನುತ್ತಿದ್ದ. "ಇವನೊಬ್ಬ ಕಾಣ್ತಿದ್ದಾನೆ. ಇವನು ಬಿಟ್ರೆ ಏನೂ ಇಲ್ಲ."

"ಏನ್ ಮಾಡ್ದೆ ನಮ್ಮಪ್ಪಂಗೆ?" ನೀಲಿ ಕಿರುಚಿದಳು.

"ನಾನು ಮಾಡಿದ್ದಲ್ಲ. ಅವರೇ ಕಣ್ಣು ಕೊಟ್ರು. ನೀಲಿ, ಕೇಳಿಲ್ಲಿ, ಅದನ್ನ..."

"ಬಾಯ್ಮುಚ್ಚು! ಇನ್ನು ನನ್ನ ಪಾಲಿಗೆ ನೀನು ಸತ್ತೆ."

ಅವನು ನಿಂತಿದ್ದ ಜಾಗದಲ್ಲಿ ಹಂಡೆಯ ಹೊಗೆ ಮಾತ್ರ ಉಳಿಯಿತು. ಓಡಿಹೋದನೆಂದುಕೊಂಡಳು. ಆದರೆ ಅತ್ತೆ ಇನ್ನೂ ಗೋಡೆಗೆ ಅಂಟಿಕೊಂಡು ಅದೇ ಜಾಗವನ್ನು ನೋಡುತ್ತಿದ್ದಳು. ಅಪ್ಪನ ಕಣ್ಣುಗಳು ಯಾರೋ ತನ್ನ ಮಗಳ ಸುತ್ತ ಸುತ್ತಿ ಬರುತ್ತಿರುವಂತೆ ನಿಧಾನವಾಗಿ ಚಲಿಸಿದವು. ತಾನು ಏನೆಂದೆ ಎಂಬುದು ಅವಳ ಕಿವಿಗೆ ಆಗ ಬಿತ್ತು.

ಮುಂದಿನ ಕೆಲವು ವಾರ ಆ ಮನೆ ಮನೆಯಾಗಿರಲಿಲ್ಲ. ಹಂಡೆಗಳಡಿ ಬೆಂಕಿಯಿಲ್ಲ. ಅಪ್ಪ ಕುರ್ಚಿಯಲ್ಲಿ ಕೂತಿರುತ್ತಿದ್ದ. ನಿಮಿಷ ದಿನವೂ ಬಂದು ಎದುರಿನ ಸ್ಟೂಲಿನ ಮೇಲೆ ಕೂರುತ್ತಾನೆಂದು ಅತ್ತೆ ಪಿಸುಗುಟ್ಟುತ್ತಿದ್ದಳು. ನೀಲಿಗೆ ಕಾಣುತ್ತಿದ್ದದ್ದು ಬರೀ ಸ್ಟೂಲು. ಲೋಕದಲ್ಲಿ ಅಪ್ಪನಿಗೆ ಕಾಣುವುದು ಅವನೊಬ್ಬನೇ, ಅವನೊಬ್ಬನೇ ಮಗಳಿಗೆ ಕಾಣುವುದಿಲ್ಲ. ಮೊದಮೊದಲು ಮೇಸ್ತ್ರಿ ಬೈದ, ಕಣ್ಣು ಮುಚ್ಚಿಕೊಂಡ. ಕತ್ತಲೆಯಲ್ಲಿ ಎಷ್ಟು ಹೊತ್ತು ಕೂರಲಾದೀತು? ಕೊನೆಗೆ ಶತ್ರುವಿನ ಮುಖವಾದರೂ ಸರಿಯೆಂದು ತೆರೆದ. ನೋಡುತ್ತ ನೋಡುತ್ತ ಆ ಮುಖ ಅವನಿಗೆ ಅರ್ಥವಾಗತೊಡಗಿತು.

"ಇವನು ಏನೋ ಹೇಳೋಕೆ ಒದ್ದಾಡ್ತಿದ್ದಾನೆ ಕಣೇ" ಎಂದ ಒಂದು ಬೆಳಗ್ಗೆ. "ನನ್ನ ಕಣ್ಣು ತೋರಿಸ್ತಾನೆ, ತನ್ನ ಬಾಯಿ ತೋರಿಸ್ತಾನೆ. ಬಾಯಿ ಹೊಲಿದ ಹಾಗಿದೆ."

ಅತ್ತೆ ಹಣೆ ಚಚ್ಚಿಕೊಂಡಳು. "ಅವತ್ತು ಬಾಯ್ಮುಚ್ಚು ಅಂದೋಳು ನೀನೇ ಅಲ್ವೇನೇ! ಬಿಡಿಸೇ ಮಾರಾಯ್ತಿ!"

ನೀಲಿ ಖಾಲಿ ಸ್ಟೂಲಿನ ಮುಂದೆ ನಿಂತು, "ಬಾಯಿ ಬಿಡು. ಮಾತಾಡು" ಎಂದಳು. ಅವಳಿಗೇನೂ ಕೇಳಿಸಲಿಲ್ಲ. ಅಪ್ಪ ಮಾತ್ರ ತಲೆ ವಾಲಿಸಿ ಬಹಳ ಹೊತ್ತು ಕೇಳಿದ. ಆಮೇಲೆ ನಿಟ್ಟುಸಿರಿಟ್ಟು ಹೇಳಿದ:

"ಸರಿನಪ್ಪ. ನಿನ್ನ ಮೇಲಿಟ್ಟ ಕಣ್ಣು ವಾಪಸ್ ತಗೊಂಡೆ."

ಅಷ್ಟೇ. ಅಷ್ಟಕ್ಕೇ ಹಂಡೆ, ಗೋಡೆ, ಬಾಗಿಲಿನ ಬೆಳಕು, ಮಗಳ ಮುಖ ಎಲ್ಲ ಒಟ್ಟಿಗೇ ಬಂದವು. ಕೊಟ್ಟವರು ಕೇಳಿದರೆ ಕೊಟ್ಟದ್ದು ಹಿಂದಕ್ಕೆ ಬರುತ್ತದೆ. ಅಂದು ಮೆಟ್ಟಿಲ ಬುಡದಲ್ಲಿ ಅವನು ಹೇಳಹೊರಟದ್ದು ಇದನ್ನೇ. ಇನ್ನೊಂದು ಉಸಿರಿನಷ್ಟು ಹೊತ್ತು ನೀಲಿ ತಾಳಿಕೊಂಡಿದ್ದರೆ ಸಾಕಿತ್ತು.

"ಇಷ್ಟು ವರ್ಷ ಯಾಕೆ ಯಾರಿಗೂ ಹೇಳ್ಲಿಲ್ಲವೋ?" ಎಂದು ಅತ್ತೆ ಸ್ಟೂಲನ್ನು ಗದರಿದಳು. ಉತ್ತರವನ್ನು ಅಪ್ಪನೇ ನೀಲಿಗೆ ಒಪ್ಪಿಸಿದ: "ಯಾರೂ ಕೇಳ್ಲಿಲ್ಲವಂತೆ. ಬೇಡವಾಗಿತ್ತೇನೋ ಅಂದ್ಕೊಂಡಿದ್ರಂತೆ."

ನಂತರ ಮೇಸ್ತ್ರಿ ಮಗಳ ಭುಜ ಹಿಡಿದು ತಿರುಗಿಸಿದ. "ಆ ಕಡೆ ಅಲ್ಲಮ್ಮ, ಈ ಕಡೆ. ಇಲ್ಲೇ ನಿಂತಿದ್ದಾನೆ. ನಿನ್ನ ಮಾತು ನೀನೂ ವಾಪಸ್ ತಗೋ."

ನೀಲಿ ತೋಚಿದ್ದೆಲ್ಲ ಹೇಳಿದಳು. ನೀನು ಸತ್ತಿಲ್ಲ ಎಂದಳು. ಬದುಕು ಎಂದಳು. ಸಿಟ್ಟಲ್ಲಿ ಅಂದದ್ದು, ಮನಸ್ಸಿನಿಂದಲ್ಲ ಎಂದಳು. ಎದುರಿಗೆ ಸುಣ್ಣ ಉದುರಿದ ಗೋಡೆ ಇತ್ತು, ಗೋಡೆಯೇ ಉಳಿಯಿತು. ಅಪ್ಪ ಯಾರದೋ ಮಾತು ಕೇಳಿಸಿಕೊಂಡವನಂತೆ ತಲೆ ತಗ್ಗಿಸಿದ.

"ಏನಂತಾನೆ?"

"ಕೊಟ್ಟಿದ್ದಾದ್ರೆ ವಾಪಸ್ ಬರುತ್ತಂತೆ. ಸಾವು ಕೊಟ್ಟಿದ್ದಲ್ಲವಂತೆ, ಆದದ್ದಂತೆ."

ಕೊನೆಗೆ ಉಳಿದ ಒಂದೇ ಮಾತು ಅವಳ ನಾಲಿಗೆಗೆ ಬಂತು. "ನಾನು ನಿ..." ಎನ್ನುವಷ್ಟರಲ್ಲಿ ಅಪ್ಪ ಅವಳ ಬಾಯಿಯ ಮೇಲೆ ಕೈಯಿಟ್ಟ. "ಅದೊಂದು ಬೇಡ ಕಂದ. ಕಾಣದೇ ಇರೋನ ಹಿಂದೆ, ಕಾಣದೇ ಇರೋ ಊರಿಗೆ ಹೇಗೆ ಹೋಗ್ತೀಯ? ಅವನೂ ಬೇಡ ಅಂತಿದ್ದಾನೆ."

ಸುದ್ದಿ ಬೀದಿಗೆಲ್ಲ ಹರಡಿತು. ಕ್ಷೌರದವನು ಹೋಗಿ ಕೇಳಿ ಅಂಗಡಿ ಬಿಡಿಸಿಕೊಂಡ. ಹಾಲಿನವಳು ಸೇತುವೆಯ ಮೇಲೆ ನಿಂತು ಕೂಗಿ ಕೇಳಿದಳು. ಅವಳ ಮಗ ನಡೆದುಕೊಂಡೇ ಬಂದ, ತಾಯಿಯ ಭುಜದಷ್ಟು ಎತ್ತರವಾಗಿದ್ದ, ಅವಳನ್ನು "ನೀವು" ಎಂದು ಕರೆದ. ಆದರೂ ಬಂದ. ಬೀದಿಯವರೆಲ್ಲ ಕಳೆದುಕೊಂಡದ್ದು ಪಡೆದರು. ನೀಲಿಯನ್ನು ಕಂಡಾಗ ಅವರಿಗೆ ಕೃತಜ್ಞತೆ ಹೇಳಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ನೂಲಿನ ಬಣ್ಣದ ಬಗ್ಗೆ ಮಾತಾಡಿ ಹೋಗುತ್ತಿದ್ದರು.

ಅಂಗಡಿಯ ಎದುರಿಗೆ ಒಂದು ಕಲ್ಲಿನ ಬೆಂಚಿತ್ತು. ನಿಮಿಷ ಅಲ್ಲಿ ಬಂದು ಕೂರತೊಡಗಿದ. ಬೆಳಗ್ಗೆ ತಲೆ ಬಾಚಿಕೊಂಡು ನೀಲಿ ಬಾಗಿಲಿಗೆ ಬಂದು, "ಬಂದಿದ್ದಾನಾ ಅಪ್ಪ?" ಎನ್ನುವಳು. "ಬಂದಿದ್ದಾನೆ. ಆ ನೀಲಿ ಕೋಟೇ ಹಾಕಿದ್ದಾನೆ" ಎನ್ನುವನು ಅಪ್ಪ. ಅವಳು ಬೆಂಚಿನ ಕಡೆ ಮುಖ ಮಾಡಿ ನಿಂತು ಆ ದಿನದ ಸಮಾಚಾರ ಹೇಳುವಳು: ಪಟಿಕ ಕೆಟ್ಟದ್ದು ಬಂದದ್ದು, ಅತ್ತೆ ಹಾಲಿನವಳ ಜೊತೆ ಜಗಳವಾಡಿದ್ದು. ಹೊಸಬರು ನೋಡಿದರೆ ಹುಚ್ಚಿ ಎನ್ನಬೇಕು. ಬೀದಿಯವರು ಬೆಂಚನ್ನು ಬಳಸಿಕೊಂಡು ನಡೆಯುತ್ತಿದ್ದರು.

ವರ್ಷಗಳು ಹಾಗೇ ಸರಿದವು. ಅತ್ತೆ ತೀರಿಕೊಂಡಳು. ಪುಸ್ತಕಕ್ಕೆ ರಟ್ಟು ಕಟ್ಟುವವನೊಬ್ಬ ಬಟ್ಟೆಗೆ ಬಣ್ಣ ಹಾಕಿಸಲು ಬರುತ್ತಿದ್ದ. ಮೆತ್ತಗಿನ ಮಾತಿನ, ಬೆರಳಿಗೆ ಅಂಟು ಮೆತ್ತಿದ ಮನುಷ್ಯ. ಒಂದು ದಿನ ಬಟ್ಟೆಯ ಗಂಟು ಕೆಳಗಿಟ್ಟು, "ನನ್ನ ಕೈನೂ ತೊಳೆದ್ರೆ ಹೋಗಲ್ಲ, ನಿಮ್ಮ ಕೈನೂ ಹೋಗಲ್ಲ. ಒಟ್ಟಿಗೇ ಇರೋಣ್ವಾ?" ಎಂದು ಕೇಳಿದ. ಅವಳಿಗೆ ಅವನು ಇಷ್ಟವಾಗಿದ್ದ. ಆದರೆ ಎದುರಿಗೆ ಒಬ್ಬ ಕೂತಿರುವಾಗ ಇನ್ನೊಬ್ಬನಿಗೆ ಹೂಂ ಎನ್ನುವುದು ಹೇಗೆ? ಆಗುವುದಿಲ್ಲವೆಂದಳು. ರಟ್ಟಿನವನು ಎರಡು ಮಳೆಗಾಲ ಕಾದು ಬೇರೆ ಮದುವೆಯಾದ.

ಬೆಂಚಿನ ಹಿಂದಿನ ಬೇಕರಿಯನ್ನು ಹೊಸ ಸಂಸಾರವೊಂದು ಕೊಂಡು ಆಗಲೇ ಬಹಳ ಕಾಲವಾಗಿತ್ತು. ಅಪ್ಪನಿಗೆ ಜ್ವರ ಬಂದು ಮಲಗಿದ ಒಂದು ಬೆಳಗ್ಗೆ ನೀಲಿ ಬ್ರೆಡ್ ತರಲು ಹೋದವಳು ಬೇಕರಿಯವಳನ್ನು ಕೇಳಿದಳು, "ಬೆಂಚಿನ ಮೇಲಿರೋ ಹುಡುಗ ಇವತ್ತು ಹೇಗಿದ್ದಾನೆ?"

"ಯಾವ ಹುಡುಗ ಅಕ್ಕ?"

"ನೀಲಿ ಕೋಟಿನವನು. ದಿನಾ ಬರ್ತಾನಲ್ಲ."

ಬೇಕರಿಯವಳು ಬಗ್ಗಿ ನೋಡಿದಳು. "ನಾವು ಅಂಗಡಿ ತಗೊಂಡಾಗಿಂದ ಅಲ್ಲಿ ಯಾರೂ ಕೂತಿದ್ದನ್ನ ನೋಡಿಲ್ಲಕ್ಕ. ನಮ್ಮ ಬೆಕ್ಕು ಬಿಟ್ರೆ."

ನೀಲಿ ಬ್ರೆಡ್ ಹಿಡಿದುಕೊಂಡು ಬೀದಿಯ ಮಧ್ಯೆ ನಿಂತಳು. ರಟ್ಟಿನವನು ಕೇಳಿದಾಗ ಬೇಕರಿ ಕೈ ಬದಲಾಗಿ ಆಗಿತ್ತು. ಅಂದರೆ ಆಗಲೇ ಬೆಂಚು ಖಾಲಿಯಿತ್ತು. ಮೆಟ್ಟಿಲು ಹತ್ತಿ ಹೋಗಿ ಅಪ್ಪನ ಮಂಚದ ಮುಂದೆ ನಿಂತಾಗ ಆಡಬಾರದ ಮಾತುಗಳೆಲ್ಲ ಗಂಟಲಿಗೆ ಬಂದು ನಿಂತಿದ್ದವು.

"ಬಂದಿದ್ನಾ ಅಪ್ಪ?" ಎಂದು ಮಾತ್ರ ಕೇಳಿದಳು.

ಮುದುಕ ಜ್ವರದಲ್ಲೂ ಮೊಣಕೈ ಊರಿ ಎದ್ದು ಕಿಟಕಿಯತ್ತ ಕತ್ತು ಚಾಚಿದ. "ಬಂದಿದ್ದಾನೆ ಮಗಳೇ. ನಿನ್ನ ಬಾಗಿಲನ್ನೇ ನೋಡ್ತಿದ್ದಾನೆ."

ಆ ಕತ್ತಿನ ನರಗಳನ್ನು ನೋಡಿ ಅವಳು ಬಂದದ್ದನ್ನೆಲ್ಲ ನುಂಗಿಕೊಂಡಳು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿದಳು. ಆತ ಬದುಕಿರುವ ತನಕ ದಿನವೂ ಅದನ್ನೇ ಕೇಳಿದಳು, ಅದೇ ಉತ್ತರ ಪಡೆದಳು. ತಾನು ಕೇಳುವುದನ್ನು ಮೊದಲೇ ನಿಲ್ಲಿಸಿದ್ದರೆ ಅಪ್ಪ ಸುಳ್ಳು ಹೇಳಬೇಕಾಗುತ್ತಿರಲಿಲ್ಲವೇನೋ ಎಂದು ಆಮೇಲೆ ಅವಳಿಗೆ ಅನ್ನಿಸುತ್ತಿತ್ತು.

ಅಪ್ಪ ಹೋದ ಮೇಲೆ ಒಂದು ಸಂತೆಯ ದಿನ ನೀಲಿ ಸೇತುವೆಗೆ ಹೋದಳು. ಆಗ ಅವಳ ತಲೆ ಅರ್ಧ ನೆರೆತಿತ್ತು. ಆಚೆಯ ಹೆಂಗಸೊಬ್ಬಳು ಬುಟ್ಟಿ ಹಿಡಿದು ಹಿಂದಿರುಗುತ್ತಿದ್ದಳು. ನೀಲಿ ಅವಳನ್ನು ತಡೆದು, ಮಣಿಕಟ್ಟಿನ ಮೇಲೆ ನೀಲಿ ಗುರುತಿರುವ ಹುಡುಗನ ಬಗ್ಗೆ ವಿಚಾರಿಸಿದಳು.

"ಇದ್ದಾನೆ. ಚೆನ್ನಾಗಿದ್ದಾನೆ" ಎಂದಳು ಅವಳು.

"ಬರೋದು ಯಾಕೆ ಬಿಟ್ಟ?"

"ನೀನೇ ಹೋಗು ಅಂದೆಯಂತಲ್ಲ."

ನೀಲಿಗೆ ಅರ್ಥವಾಗಲಿಲ್ಲ. ಹೆಂಗಸು ತಾಳ್ಮೆಯಿಂದ ಹೇಳಿದಳು, "ಮಳೆ ಬರ್ತಿತ್ತಂತೆ. ನೆನೀಬೇಡ, ಮನೆಗೆ ಹೋಗು ಅಂದೆಯಂತೆ. ಹೋಗಿ ಬಾ ಅನ್ನಲಿಲ್ಲವಂತೆ."

ಯಾವ ಮಳೆ, ಯಾವ ವರ್ಷ ಎಂದು ನೆನೆಸಿಕೊಳ್ಳಲು ಅವಳು ಎಷ್ಟು ತಡಕಾಡಿದರೂ ಸಿಗಲಿಲ್ಲ. ಎಷ್ಟೋ ಮಳೆಗಳಲ್ಲಿ ಬಾಗಿಲಿಂದ ಹಾಗೆ ಕೂಗಿದ್ದಿರಬೇಕು. ಅದರಲ್ಲಿ ಒಂದು ಸಲ, ಹಂಡೆ ಉಕ್ಕುತ್ತಿತ್ತೋ ಅತ್ತೆ ಕರೆದಳೋ, ಕೊನೆಯ ಒಂದಕ್ಷರ ಬಿಟ್ಟುಹೋಗಿತ್ತು. ಸಿಟ್ಟಿನಲ್ಲಿ ಆಡಿದ್ದಾದರೆ ಪಶ್ಚಾತ್ತಾಪ ಪಡಬಹುದಿತ್ತು. ಇದು ಅಕ್ಕರೆಯಿಂದ ಆಡಿದ್ದು.

"ಈಗ ಬಾ ಅಂದ್ರೂ ಬರ್ತಾನೆ. ಕರೀತೀಯಾ?" ಎಂದು ಹೆಂಗಸು ಕೇಳಿದಳು.

ಕೆಳಗೆ ಹೊಳೆ ಹರಿಯುತ್ತಿತ್ತು. ಕರೆದರೆ ಬರುತ್ತಾನೆ, ಹದಿನೆಂಟರ ಮುಖ ಹೊತ್ತುಕೊಂಡು ಅದೇ ಕಲ್ಲಿನ ಮೇಲೆ ಕೂರುತ್ತಾನೆ, ತನಗೆ ಕಾಣುವುದಿಲ್ಲ. ಈಗ ಬಂದಿದ್ದಾನೆಂದು ಹೇಳುವವರೂ ಇಲ್ಲ. ತಾನು ಕಣ್ಣು ಮುಚ್ಚಿದ ಮೇಲೂ, ಎದ್ದು ಹೋಗು ಎನ್ನುವವರಿಲ್ಲದೆ, ಅವನು ಅಲ್ಲೇ ಕೂತಿರುತ್ತಾನೆ. ನೀಲಿ ಬಹಳ ಹೊತ್ತು ಪದಗಳನ್ನು ಹುಡುಕಿದಳು.

"ಬೇಡ. ಎಲ್ಲಿದ್ದಾನೋ ಅಲ್ಲೇ ಸುಖವಾಗಿರಲಿ. ನನ್ನನ್ನ ನೆನೆಸ್ಕೊಂಡ್ರೆ ಅವನಿಗೆ ನೋವಾಗದೇ ಇರಲಿ."

"ಆಯ್ತು" ಎಂದಳು ಆ ಹೆಂಗಸು, ಆಗಿಹೋದ ಸಂಗತಿಯನ್ನು ತಿಳಿಸುವವಳಂತೆ. ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಡೆದಳು.

ನೀಲಿ ಸೇತುವೆ ಇಳಿದು ಅರ್ಧ ಬೀದಿ ಬಂದ ಮೇಲೆ, ಅವನಿಗೆ ಮದುವೆ ಆಯಿತಾ ಎಂದು ಕೇಳಬೇಕಿತ್ತು ಎಂದು ಹೊಳೆಯಿತು. ತಿರುಗಿ ನೋಡಿದಳು. ಸೇತುವೆಯ ಮೇಲೆ ಸಂತೆ ಮುಗಿಸಿಕೊಂಡು ಹೋಗುವ ಜನ ತುಂಬಿದ್ದರು.